ಅಮ್ಮನಿಗೆ ಆಪರೇಶನ್, ಮಗಳನ್ನು ಯಾರು ನೋಡಿಕೊಳ್ಳುವುದು? ಖರ್ಚು ಹೊಂದಿಸಿದವರು ಹೇಳಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ ಒಬ್ಬ ತಾಯಿ ಕೇಳಿದ್ದು:

ಮಗಳಿಗೆ 22 ವರ್ಷ. ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯೂ ಕಮ್ಮಿ. ಊಟ, ಸ್ನಾನ ಎಲ್ಲಾ ನಾನೇ ಮಾಡಿಸಬೇಕು. ನನಗೆ ಗರ್ಭಕೋಶದ ಆಪರೇಶನ್ ಆಗಬೇಕು ಅಂತ ಮಂಗಳೂರಿನ ಡಾಕ್ಟ್ರು ಹೇಳಿದ್ದಾರೆ. ಆಮೇಲೆ ಒಂದೂವರೆ ತಿಂಗಳು ಭಾರ ಎತ್ತುವ ಹಾಗಿಲ್ಲ. ಯಜಮಾನರು ಅಡಿಕೆ ತೋಟದ ಕೂಲಿಗೆ ಹೋಗುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಷ್ಟು ದಿನ ಅವಳನ್ನು ನೋಡಿಕೊಳ್ಳಲು ಹಣ ಎಲ್ಲಿಂದ ಹೊಂದಿಸುವುದು?

ಪೆರ್ಲದಿಂದ ಇನ್ನೊಬ್ಬ ತಾಯಿ:

ಅಕ್ಕಾ, ನಿಮ್ಮದು ನಮ್ಮ ಮನೆಯದ್ದೇ ಕಥೆ. ಪೂರ್ತಿ ಖರ್ಚು ಒಂದೇ ಕಡೆಯಿಂದ ಬರುತ್ತದೆ ಅಂತ ಕಾಯಬೇಡಿ. ನಾವು ಮೊದಲು ದುಡ್ಡು ಕೊಟ್ಟು ಜನ ಇಡಬೇಕಾದ ಹೊತ್ತನ್ನೇ ಕಮ್ಮಿ ಮಾಡಿದೆವು. 18 ದಾಟಿದ ಇಂಥ ಮಕ್ಕಳಿಗೆ ಪಂಚಾಯತ್ ಮತ್ತು ಕುಟುಂಬಶ್ರೀಯ (ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ) ಬಡ್ಸ್ ಪುನರ್ವಸತಿ ಕೇಂದ್ರ ಇರುತ್ತದೆ. ಹಗಲು ಅಲ್ಲಿಗೆ ಹೋದರೆ ನೀವು ಆಳು ಇಡಬೇಕಾದ್ದು ಬೆಳಿಗ್ಗೆ, ಸಂಜೆ, ರಾತ್ರಿಗೆ ಮಾತ್ರ. ಖರ್ಚು ಅಲ್ಲೇ ಎಷ್ಟೋ ಇಳಿಯುತ್ತದೆ. ನಿಮ್ಮ ಮಗಳು ಈವರೆಗೆ ಹೋಗಿಲ್ಲವಾದರೆ ಆಪರೇಶನ್ನಿಗೆ ಕೆಲವು ವಾರ ಮೊದಲೇ ಶುರು ಮಾಡಿ. ಹೊಸ ಜಾಗಕ್ಕೆ ಒಗ್ಗಲು ಸಮಯ ಬೇಕಲ್ವಾ?

ಇನ್ನು ಹಣ. ಇಡೀ ಹೊತ್ತು ಮನೆಯಲ್ಲಿದ್ದು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರದ ಆಶ್ವಾಸಕಿರಣಂ ಅನ್ನುವ ಸಹಾಯಧನ ಇದೆ, ತಿಂಗಳಿಗೆ 600 ರೂಪಾಯಿ. ಅರ್ಜಿ ಅಂಗನವಾಡಿ ಮೂಲಕ ಹೋಗುತ್ತದೆ. ಈಗ ಹೊಸ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಟೀಚರ್ ಹತ್ತಿರ ಕೇಳಿ. ಮಗಳ ಹೆಸರು ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಗೊಳಗಾದವರ ಸರ್ಕಾರಿ ಪಟ್ಟಿಯಲ್ಲಿದ್ದರೆ ಲೆಕ್ಕ ಬೇರೆ. ಹಾಸಿಗೆ ಹಿಡಿದವರಿಗೆ ತಿಂಗಳಿಗೆ 2,200, ಬೇರೆ ಅಂಗವಿಕಲ ಪಿಂಚಣಿ ಬರುತ್ತಿದ್ದರೆ 1,700. ಅವರನ್ನು ನೋಡಿಕೊಳ್ಳುವವರಿಗೆ 700. ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ 5 ಲಕ್ಷದ ಪರಿಹಾರವೂ ಉಂಟು. ನಮಗೆ ಅದು ಬಂದಾಗ ಮುರಿಯಲಿಲ್ಲ, ಪೋಸ್ಟ್ ಆಫೀಸಿನ ತಿಂಗಳ ಆದಾಯ ಯೋಜನೆಯಲ್ಲಿ ಇಟ್ಟೆವು. ಬಡ್ಡಿ ಶೇಕಡ 7.4 ಇದ್ದರೆ 5 ಲಕ್ಷಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 3,080 ರೂಪಾಯಿ ಬರುತ್ತದೆ. ನಮ್ಮಲ್ಲಿ ಆ ಬಡ್ಡಿಯನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಸಂಜೆ ಬರುವ ಹೆಂಗಸಿಗೆ ಕೊಡುವುದೇ ಅದರಿಂದ. ಗಾಳಿಯಲ್ಲಿ ವಿಷ ಸುರಿಸಿದ್ದಕ್ಕೆ ಬಂದ ಹಣ ಅದು. ಮಕ್ಕಳ ಆರೈಕೆಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಂಜೇಶ್ವರದಿಂದ ಒಬ್ಬ ತಂದೆ:

ಅಕ್ಕ, ಖರ್ಚು ನಿಮ್ಮ ಮಗನೇ ಕೊಡುವುದಾದರೆ ಅವನಿಗೆ ಆದಾಯ ತೆರಿಗೆಯ 80ಡಿಡಿ ಕಡಿತದ ಬಗ್ಗೆ ಹೇಳಿ. ತನ್ನನ್ನೇ ನಂಬಿಕೊಂಡಿರುವ ತಂಗಿಯ ಚಿಕಿತ್ಸೆ, ಶುಶ್ರೂಷೆ, ಪುನರ್ವಸತಿಗೆ ಖರ್ಚು ಮಾಡುವ ಅಣ್ಣನಿಗೂ ಅದು ಸಿಗುತ್ತದೆ. ಅಂಗವೈಕಲ್ಯ ಕನಿಷ್ಠ ಶೇಕಡ 40 ಇದ್ದರೆ 75,000, ಶೇಕಡ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ. ಸೆರೆಬ್ರಲ್ ಪಾಲ್ಸಿಗೆ ಫಾರ್ಮ್ 10-ಐಎ ಅಂತ ಬೇರೆಯೇ ಸರ್ಟಿಫಿಕೇಟ್ ಇದೆ, ಡಾಕ್ಟರ್ ಸಹಿ ಹಾಕಿಸಿ ಇಡಿ. ನೋಡಿಕೊಳ್ಳುವವರಿಗೆ ಕೊಟ್ಟ ಹಣಕ್ಕೂ ರಶೀದಿ ಇರಲಿ.

ನಿರಾಮಯ ಆರೋಗ್ಯ ವಿಮೆ ಮಾಡಿಸಿಲ್ಲ ಅಂದ್ರೆ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನದು, ವರ್ಷಕ್ಕೆ 1 ಲಕ್ಷದವರೆಗೆ. ಮನೆಗೆ ಬರುವ ಆರೈಕೆಯವರ ಸಂಬಳ ಅದರಲ್ಲಿ ಬರುವುದಿಲ್ಲ. ಆದರೆ ಥೆರಪಿ, ಔಷಧಿ, ಟೆಸ್ಟಿನ ಬಿಲ್ ಬರುತ್ತದೆ. ಅಲ್ಲಿ ಉಳಿದದ್ದನ್ನು ಇಲ್ಲಿ ಹಾಕಬಹುದು. ಏಪ್ರಿಲಿನಿಂದ ಮಾರ್ಚಿಗೆ ಲೆಕ್ಕ, ಪ್ರತಿ ವರ್ಷ ನವೀಕರಿಸಬೇಕು.

ಕುಂಬಳೆಯಿಂದ:

ಮಗಳಿಗೆ 18 ಆಗಿದೆ, ಹಾಗಾಗಿ ಅವಳ ಕಾನೂನುಬದ್ಧ ಪೋಷಕರು (ಲೀಗಲ್ ಗಾರ್ಡಿಯನ್) ನೀವು ಅನ್ನುವ ಸರ್ಟಿಫಿಕೇಟ್ ಇದೆಯಾ ನೋಡಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿ ಅದನ್ನು ಕೊಡುತ್ತದೆ. ಬ್ಯಾಂಕಿನವರೂ ಕೇಳುತ್ತಾರೆ, ಮಗಳನ್ನು ಕೆಲವು ದಿನ ಇರಿಸಿಕೊಳ್ಳುವ ಆರೈಕೆ ಕೇಂದ್ರದವರೂ ಕೇಳುತ್ತಾರೆ. ನ್ಯಾಷನಲ್ ಟ್ರಸ್ಟಿನ ಸಮರ್ಥ್ ಯೋಜನೆಯಲ್ಲಿ ಸ್ವಲ್ಪ ಕಾಲ ಇರಿಸಿಕೊಳ್ಳಲು ಸಂಸ್ಥೆಗಳಿಗೆ ಹಣ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಎಲ್ಲಿ ಜಾಗ ಇದೆ ಅಂತ ಆ ಸಮಿತಿಯವರಲ್ಲೇ ವಿಚಾರಿಸಿ. ಅರ್ಜಿ ಕನ್ನಡದಲ್ಲೇ ಬರೆಯಿರಿ. ಕಾಸರಗೋಡಿನ ಕನ್ನಡಿಗರಿಗೆ ಆ ಹಕ್ಕು ಕೇರಳದ ಭಾಷಾ ಕಾನೂನಿನಲ್ಲೇ ಇದೆ. ಯಾರಾದರೂ ಮಲಯಾಳದಲ್ಲಿ ಬರೆದು ತನ್ನಿ ಅಂದರೆ ಸುಮ್ನೆ ವಾಪಸ್ ಬರಬೇಡಿ.

ಮುಳ್ಳೇರಿಯದಿಂದ, ಬಡ್ಸ್ ಶಾಲೆಯಲ್ಲಿ ಕೆಲಸ ಮಾಡಿದವರು:

ಹಣದ ವಿಷಯ ಎಲ್ಲರೂ ಹೇಳಿದ್ದಾರೆ. ಅಕ್ಕ, ಬರುವ ಹೆಂಗಸಿಗೆ ಒಂದು ಹಾಳೆ ಬರೆದಿಡಿ. ಫಿಟ್ಸ್ ಮಾತ್ರೆ ಎಷ್ಟು ಗಂಟೆಗೆ, ಎಷ್ಟು. ಫಿಟ್ಸ್ ಐದು ನಿಮಿಷ ದಾಟಿದರೆ ಏನು ಮಾಡಬೇಕು, ಯಾವ ಆಸ್ಪತ್ರೆಗೆ. ಕುಚ್ಚಲಕ್ಕಿ ಗಂಜಿಯನ್ನು ಕೈಯಲ್ಲಿ ಹಿಸುಕಿ ಕೊಡಬೇಕಾ, ಮಿಕ್ಸಿಗೆ ಹಾಕಬೇಕಾ. ಕುಡಿಸುವಾಗ ತಲೆ ಹಿಂದಕ್ಕೆ ವಾಲಿಸಲೇಬಾರದು. ಬಾತ್‌ರೂಮಿಗೆ ಹೋಗಬೇಕು ಅಂತ ಹೇಗೆ ತೋರಿಸುತ್ತಾಳೆ. ಒಬ್ಬ ಹುಡುಗಿ ನೈಟಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅದು ಗೊತ್ತಿಲ್ಲದವರಿಗೆ ದಿನಕ್ಕೆ ನಾಲ್ಕು ಸಲ ಹಾಸಿಗೆ ಬದಲಾಯಿಸುವ ಕೆಲಸ. ಮುಟ್ಟಿನ ದಿನಗಳ ಬಗ್ಗೆಯೂ ನಾಚಿಕೆ ಬಿಟ್ಟು ಬರೆಯಿರಿ. ಎತ್ತಲು ಇಬ್ಬರು ಬೇಕಾದರೆ ಇಬ್ಬರ ಲೆಕ್ಕವನ್ನೇ ಹಾಕಿ. ಒಬ್ಬಳೇ ಎತ್ತಿ ಸೊಂಟ ಹಿಡಿದರೆ ಮರುದಿನ ಅವಳು ಬರುವುದಿಲ್ಲ. ನೀವು ಮನೆಯಲ್ಲಿ ಇರುವಾಗಲೇ ಅವಳು ಬಂದು ಕೆಲವು ಹೊತ್ತು ಮಾಡಲಿ, ಅದಕ್ಕೂ ಕೂಲಿ ಕೊಡಿ.

ಕೇಳಿದ ತಾಯಿ:

ಎಲ್ಲರಿಗೂ ಉಪಕಾರ. ಎಂಡೋಸಲ್ಫಾನ್ ಪಟ್ಟಿಯಲ್ಲಿ ಮಗಳ ಹೆಸರಿಲ್ಲ. ಮಗನಿಗೆ 80ಡಿಡಿ ಹೇಳಿದೆ, ನೋಡುತ್ತೇನೆ ಅಂದ. ಪಂಚಾಯತಿನಲ್ಲಿ ಒಬ್ಬಳೇ ಹೋಗಿ ಕೇಳಲು ಸಂಕೋಚ.

ಪೆರ್ಲದ ತಾಯಿ:

ಒಬ್ಬರೇ ಹೋಗಬೇಡಿ ಅಕ್ಕಾ. ಪಂಚಾಯತಿನ ಯೋಜನಾ ಹಣದಲ್ಲಿ ಮಕ್ಕಳು ಮತ್ತು ಅಂಗವಿಕಲರಿಗಾಗಿ ಒಂದು ಪಾಲು ತೆಗೆದಿಡಲೇಬೇಕು. ಅದು ಎಲ್ಲಿ ಹೋಗಬೇಕು ಅಂತ ಮಾತು ಆಗುವುದು ಗ್ರಾಮಸಭೆಯಲ್ಲಿ. ನಿಮ್ಮ ವಾರ್ಡಿನಲ್ಲಿ ಇಂಥ ಮಕ್ಕಳಿರುವ ನಾಲ್ಕಾರು ಮನೆಯವರು ಸೇರಿ ಬರೆದುಕೊಡಿ. ಮನೆಯವರಿಗೆ ಕಾಯಿಲೆ ಬಂದಾಗ ಆರೈಕೆಗೆ ಬರುವವರ ಕೂಲಿಯನ್ನು ಪಂಚಾಯತ್ ಕೊಡಲಿ ಅಂತ ಒಂದೇ ಬೇಡಿಕೆ ಸಾಕು. ನಡಾವಳಿಯಲ್ಲಿ ಬರೆಸಿಕೊಂಡೇ ಏಳಿ. ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ಪಾಲಿಯೇಟಿವ್ ನರ್ಸ್ ಹತ್ತಿರವೂ ಆಪರೇಶನ್ ತಾರೀಕು ಹೇಳಿಡಿ, ಅವರ ಭೇಟಿಯ ಪಟ್ಟಿಯಲ್ಲಿ ನಿಮ್ಮ ಮನೆ ಸೇರಲಿ. ಗ್ರಾಮಸಭೆ ಯಾವಾಗ ಅಂತ ಮೆಂಬರ್ ಹೇಳಿದ ಕೂಡಲೇ ಇಲ್ಲಿ ತಿಳಿಸಿ. ಬೇಡಿಕೆಯ ಕಾಗದ ನಾನು ಬರೆದು ಕಳಿಸುತ್ತೇನೆ.