ಕುದುರೆಯ ಬೆನ್ನಿಗೆ ಯಾವ ಪದ: ಬಿಗಿತವೋ, ಸೆಡೆತವೋ?

ಎಲ್ಲರಿಗೂ ನಮಸ್ಕಾರ.

ಕುದುರೆಗೆ ಮಸಾಜ್ ಮಾಡುವ ಬಗ್ಗೆ ಲಾಯದ ಕೆಲಸಗಾರರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಮಸಲ್ ಟೆನ್ಶನ್’ಗೆ ಸರಿಯಾದ ಪದ ಸಿಗದೆ ಮೊದಲ ಪುಟದಲ್ಲೇ ನಿಂತಿದ್ದೇನೆ.

‘ಬಿಗಿತ’ ಎಂದು ಬರೆದು ನೋಡಿದೆ. ಆದರೆ ಓಡಲು ಸಿದ್ಧವಾಗಿ ನಿಂತ ಕುದುರೆಯ ಮೈಯೂ ಬಿಗಿಯಾಗಿಯೇ ಇರುತ್ತದೆ, ಅದೇನೂ ತೊಂದರೆಯಲ್ಲ. ನಾನು ಹೇಳುತ್ತಿರುವುದು ಕೆಲಸ ಮುಗಿದ ಮೇಲೂ ಸಡಿಲವಾಗದೆ ಉಳಿಯುವುದನ್ನು. ಬೆನ್ನೆಲುಬಿನ ಎರಡೂ ಪಕ್ಕ ಉದ್ದಕ್ಕೆ ಒಂದು ದೊಡ್ಡ ಸ್ನಾಯು ಇದೆ. ಜೀನು ಕೂರುವುದು ಅದರ ಮೇಲೇ. ಜೀನು ಸರಿಹೊಂದದಿದ್ದರೆ ಅಲ್ಲಿ ನೋವು ಶುರುವಾಗುತ್ತದೆ. ಬೆರಳಿಟ್ಟರೆ ಸಾಕು, ಕುದುರೆ ಬೆನ್ನು ತಗ್ಗಿಸಿ ತಪ್ಪಿಸಿಕೊಳ್ಳುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ನಮ್ಮ ಲಾಯದ ಹಿರಿಯರೊಬ್ಬರು ಇದಕ್ಕೆ “ಬೆನ್ನು ಹಿಡ್ಕೊಂಡಿದೆ” ಅನ್ನುತ್ತಾರೆ. ಎಷ್ಟು ಸರಿಯಾದ ಮಾತು! ಆದರೆ ಅದನ್ನೇ ನಾಮಪದ ಮಾಡಲು ಹೋದರೆ ‘ಹಿಡಿತ’ ಆಗಿ ಅರ್ಥವೇ ಬದಲಾಗುತ್ತದೆ.

ನನ್ನ ಮನಸ್ಸು ‘ಸೆಡೆತ’ದ ಕಡೆ ಇದೆ. ಚಳಿಗೆ ಕೈಕಾಲು ಸೆಡೆತುಕೊಂಡವು ಅನ್ನುತ್ತೇವಲ್ವಾ, ಅದೇ. ಇಡೀ ಸ್ನಾಯು ಗಟ್ಟಿಯಾದರೆ ಸೆಡೆತ, ಒಂದೇ ಕಡೆ ಬೆರಳಿಗೆ ಸಿಕ್ಕಿದರೆ ಗಂಟು.

ಪದ ಬೇರೆಯಾಗಲೇಬೇಕು ಅನ್ನುವುದಕ್ಕೆ ದೊಡ್ಡ ಕಾರಣವಿದೆ. ದುಡಿದ ಮೇಲೆ ಹಿಂಭಾಗದ ಸ್ನಾಯು ಕಲ್ಲಿನಂತಾಗಿ, ಕುದುರೆ ಬೆವರಿ, ಹೆಜ್ಜೆ ಇಡಲಾರದೆ ನಿಲ್ಲುವ ಕಾಯಿಲೆಯೊಂದಿದೆ. ಜೋರಾದಾಗ ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನೂ ‘ಬಿಗಿತ’ ಎಂದೇ ಬರೆದರೆ ಓದಿದವರು ಉಜ್ಜಲು ಶುರುಮಾಡುತ್ತಾರೆ. ಆಗ ಕುದುರೆಯನ್ನು ನಡೆಸದೆ, ಮುಟ್ಟದೆ, ಕೂಡಲೇ ವೈದ್ಯರನ್ನು ಕರೆಯಬೇಕು. ಇದಕ್ಕೆ ‘ಸ್ನಾಯು ಕಲ್ಲಾಗುವುದು’ ಎಂದರೆ ಹೇಗೆ?

ಇನ್ನು ‘ಮಸಾಜ್’. ‘ಮಾಲೀಸು’ ಅಂದರೆ ನಮ್ಮ ಲಾಯದಲ್ಲಿ ದಿನವೂ ಬ್ರಶ್ ಹಾಕಿ ಮೈ ತಿಕ್ಕುವ ಕೆಲಸ. ಹಾಗಾಗಿ ಅದನ್ನು ಬಿಟ್ಟೆ. ಮೊದಲು ಅಂಗೈಯಿಂದ ಉದ್ದಕ್ಕೆ ನೀವುವುದು, ಸ್ನಾಯು ಬೆಚ್ಚಗಾದ ಮೇಲೆ ಹಿಟ್ಟಿನಂತೆ ನಾದುವುದು. ಎರಡೂ ಒಳ್ಳೆಯ ಪದಗಳೇ, ಆದರೆ “ನೀವು ನಿಧಾನವಾಗಿ ನೀವಿ” ಎಂದು ಬರೆದರೆ ಓದುವವರು ತಡವರಿಸುತ್ತಾರೆ. ‘ಸವರಿ’ ಎಂದರೆ ಒತ್ತಡವೇ ಇಲ್ಲದಂತಾಗುತ್ತದೆ.

ಜೂಲು ಮುಗಿಯುವ ಕಡೆ ಕೆರೆಯುತ್ತಾ ಒತ್ತಿದರೆ ಕುದುರೆಯ ಎದೆಬಡಿತ ಇಳಿಯುತ್ತದೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದೂ ಅಲ್ಲೇ. ಸ್ವಲ್ಪ ಹೊತ್ತಿಗೆ ತಲೆ ತಗ್ಗುತ್ತದೆ, ಕೆಳತುಟಿ ಜೋಲುತ್ತದೆ, ಬಾಯಿ ಚಪ್ಪರಿಸುತ್ತದೆ. ಇದಕ್ಕೆ ‘ಮೈ ಬಿಟ್ಟಿತು’ ಎಂದು ಬರೆದಿದ್ದೇನೆ. ಅರ್ಥವಾಗುತ್ತದಾ?

ದನ, ಎತ್ತು ಸಾಕಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಪ್ರಾಣಿಗಳ ಮೈಗೆ ‘ಸೆಡೆತ’ ಅನ್ನುವುದನ್ನು ಕೇಳಿದ್ದೀರಾ, ಇಲ್ಲಾ ಬೇರೆ ಪದವಿದೆಯಾ?