ಸಮಸ್ಯಾಪೂರಣ: ‘ಮೂಡಿದನು ನೇಸರನು ಪಡುವಣ ದಿಕ್ಕಿನಲಿ ನೋಡಾ’

ಸೂತ್ರಧಾರ:
ಈ ಸಲದ ಸಮಸ್ಯೆ ಮೇಲಿದೆ. ಭಾಮಿನಿ ಷಟ್ಪದಿಯ ಕೊನೆಯ ಸಾಲು ಅದು. ಮೇಲಿನ ಐದು ಸಾಲು ನಿಮ್ಮದು. ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಡ’; ಅದರ ಹಿಂದಿನ ಅಕ್ಷರ ದೀರ್ಘ. ನಾಡು, ಮೋಡ, ಗೂಡು, ಜಾಡು ಅಂತ ಪದಗಳು ಬೇಕಾದಷ್ಟಿವೆ. ಪ್ರಾಸ ಸಿಗಲಿಲ್ಲ ಅನ್ನೋ ನೆಪ ನಡೆಯಲ್ಲ.

ಷರತ್ತು ಒಂದೇ. ಪದ್ಯದಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಒಂದು ಸಂಗತಿ ಇರಬೇಕು. ಆ ಸಂಗತಿಯೇ ಸಮಸ್ಯೆಯ ಗಂಟು ಬಿಡಿಸಬೇಕು, ಪಕ್ಕದಲ್ಲಿ ಸುಮ್ನೆ ಕೂತಿರಬಾರದು. ಕನಸು, ಕುಡಿತ, ಕನ್ನಡಿ ಮೂರನ್ನೂ ಹೊರಗಿಟ್ಟಿದ್ದೇನೆ. ‘ಕನಸಿನಲ್ಲಿ ಕಂಡೆ’ ಎಂದು ತಪ್ಪಿಸಿಕೊಳ್ಳುವುದಾದರೆ ಹಳಗನ್ನಡದ ಕವಯಿತ್ರಿ ಕಂತಿ ಅಷ್ಟು ಕಷ್ಟಪಡಬೇಕಿರಲಿಲ್ಲ. ಕವಿ ಹಂಪ ಎಸೆದ ಸಾಲನ್ನು ಅವಳು ಹಿಡಿದು ಕಟ್ಟುತ್ತಿದ್ದ ಕಥೆ ನಿಮಗೆಲ್ಲ ಗೊತ್ತು, ಅಲ್ವಾ?

ಕಾಪಿಪುಡಿ:
ಷರತ್ತು ಓದುವ ಮೊದಲೇ ಪದ್ಯ ಆಗಿಬಿಟ್ಟಿತ್ತು. ಬಿಸಾಡಲು ಮನಸ್ಸಿಲ್ಲ.

ಕಾಡಿದರು ಹಾಸಿಗೆಯ ಬಿಡದವ
ನೋಡಿ, ನಸುಕಲೆ ಮಿಂದು ಬಂದನು
ಮಾಡಿದನು ಕಾಪಿಯನು ತಾನೇ, ಲೋಟ ತೊಳೆದಿಟ್ಟ
ಕೂಡಲಜ್ಜಿಯು ಕಿಟಕಿ ತೆರೆದಳು
ಆಡಿದಳು ಬೆರಗಾಗಿ ಮಗಳಿಗೆ
ಮೂಡಿದನು ನೇಸರನು ಪಡುವಣ ದಿಕ್ಕಿನಲಿ ನೋಡಾ

ಸೂತ್ರಧಾರ:
ಅಪರೂಪದ ಸಂಗತಿ ಎಲ್ಲಿ? ಮಗ ಲೋಟ ತೊಳೆದದ್ದಾ? ಹಾಗಾದರೆ ಒಪ್ಪಿದೆ. ‘ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?’ ಅನ್ನೋ ಮನೆಮಾತು ಐದು ಸಾಲಿನಲ್ಲಿ ಸಲೀಸಾಗಿ ಕೂತಿದೆ. ಸ್ಪರ್ಧೆಗೆ ಇಲ್ಲ, ಸಂತೋಷಕ್ಕೆ ಇರಲಿ.

ಬುಗುರಿ:
ನನ್ನದು ಶುಕ್ರ.

ಆಡುತಿಹ ಬುಗುರಿಗಳ ನಡುವಲಿ
ಕೂಡದೆಯೆ ತಾನೊಂದು ಬುಗುರಿಯು
ಆಡುವುದು ಹಿಮ್ಮೊಗದಿ, ಶುಕ್ರನು ಹಟದಲಾಸಾಮಿ
ಬೇಡವೆನ್ನುತ ಮೂಡು ದಿಕ್ಕನು
ಮೋಡ ಹೊದ್ದಿಹ ನೆಲದಿ ನಿಂತರೆ
ಮೂಡಿದನು ನೇಸರನು ಪಡುವಣ ದಿಕ್ಕಿನಲಿ ನೋಡಾ

ಭೂಮಿ ತಿರುಗುವ ಕಡೆಗೆ ಶುಕ್ರ ತಿರುಗುವುದಿಲ್ಲ, ಉಲ್ಟಾ ತಿರುಗುತ್ತದೆ. ಅದಕ್ಕೇ ಅಲ್ಲಿ ಸೂರ್ಯೋದಯ ಪಡುವಣದಲ್ಲಿ. ಇನ್ನೊಂದು ತಮಾಷೆ. ತನ್ನ ಸುತ್ತ ಒಂದು ಸಲ ತಿರುಗಲು ಅದಕ್ಕೆ ನಮ್ಮ 243 ದಿನ ಬೇಕು. ಸೂರ್ಯನನ್ನು ಸುತ್ತಲು 225 ದಿನ ಸಾಕು. ವರ್ಷಕ್ಕಿಂತ ದಿನ ದೊಡ್ಡದು!

ಲಘುಗುರು:
ಛಂದಸ್ಸು ಸರಿಯಿದೆ, ಮಾತ್ರೆ ಎಣಿಸಿದೆ. ತಕರಾರು ಎರಡು. ಒಂದು, ‘ನೆಲದಿ ನಿಂತರೆ’ ಅಂದಿರಿ. ಆ ನೆಲದ ಬಿಸಿ 460 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಲ್ಲಿ ಸೀಸವೇ ಕರಗುತ್ತದೆ. ಗಾಳಿಯ ಒತ್ತಡ ನಮ್ಮದರ ತೊಂಬತ್ತು ಪಟ್ಟು. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಕೆಲಸ ಮಾಡಿದ್ದು 127 ನಿಮಿಷ. ನಿಂತು ನೋಡಲು ಯಾರು ಉಳಿಯುತ್ತಾರೆ ಸ್ವಾಮಿ? ಸಾಲದ್ದಕ್ಕೆ ಆ ಮೋಡದ ಅಡಿಯಿಂದ ಸೂರ್ಯನ ಬಿಂಬವೇ ಕಾಣದು.

ಎರಡು, 243 ಅನ್ನುವುದು ನಕ್ಷತ್ರಗಳನ್ನು ಹಿಡಿದು ಎಣಿಸಿದ ಸುತ್ತು. ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಅಲ್ಲಿ ಸುಮಾರು 117 ದಿನ ಅಷ್ಟೇ. ‘ದಿನ’ ಅಂದರೆ ಹಗಲು ರಾತ್ರಿ ಎಂದಾದರೆ ವರ್ಷವೇ ದೊಡ್ಡದು.

ಬುಗುರಿ:
ಕವಿಗೆ ಸೀಸ ಕರಗಿದರೇನು, ಪ್ರಾಸ ಕರಗದಿದ್ದರೆ ಸಾಕು.

ಪಡುಗಡಲು:
ಎಲ್ಲರೂ ಆಕಾಶಕ್ಕೆ ಹಾರುತ್ತಿದ್ದೀರಿ. ನಾನು ಉಡುಪಿಯಲ್ಲೇ ಇರುತ್ತೇನೆ.

ಬೇಡಿ ಬಾಗಿಲಿನಾಚೆ ನಿಂತನು
ಹಾಡಿ ಕನಕನು, ಗುಡಿಯ ಹಿಂಗಡೆ
ಗೋಡೆ ಬಿರಿಯಿತು, ಕಿಂಡಿ ತೆರೆಯಿತು, ತಿರುಗಿದನು ದೊರೆಯು
ನೋಡುತಿರೆ ಕೈಮುಗಿದ ಭಕುತಗೆ
ಕೋಡಿಯಾದುವು ಕಣ್ಣ ಹನಿಗಳು
ಮೂಡಿದನು ನೇಸರನು ಪಡುವಣ ದಿಕ್ಕಿನಲಿ ನೋಡಾ

ಸೂತ್ರಧಾರ:
ಇದನ್ನು ಓದಿ ಸ್ವಲ್ಪ ಹೊತ್ತು ಬೇರೆ ಪದ್ಯ ಓದಲಿಲ್ಲ. ಉಡುಪಿಯ ಕೃಷ್ಣ ಪಡುವಣಕ್ಕೆ ಮುಖ ಮಾಡಿ ನಿಂತಿರುವುದು ನಿಜ. ಕನಕನ ಕಿಂಡಿಯೂ ಆ ಕಡೆಯೇ ಇದೆ. ಒಳಗೆ ದರ್ಶನ ಸಿಗುವುದು ಒಂಬತ್ತು ತೂತಿನ ನವಗ್ರಹ ಕಿಂಡಿಯಿಂದ. ನವಗ್ರಹದಲ್ಲಿ ಸೂರ್ಯನೂ ಒಬ್ಬನಲ್ಲವೇ? ಅದನ್ನು ಪದ್ಯದೊಳಗೆ ತಂದಿದ್ದರೆ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು. ಅಂದ ಹಾಗೆ ಕನಕ ತನ್ನ ‘ನಳಚರಿತ್ರೆ’ ಬರೆದದ್ದೂ ಭಾಮಿನಿಯಲ್ಲೇ. ಕನಕನ ಕಥೆಗೆ ಕನಕನದೇ ಮಟ್ಟು ಬಿತ್ತು.

ಲಘುಗುರು:
ಆದರೆ ನೇಸರ ಇಲ್ಲಿ ರೂಪಕ. ಸೂರ್ಯ ನಿಜವಾಗಿ ಪಡುವಣದಲ್ಲಿ ಮೂಡಲಿಲ್ಲ.

ಪಡುಗಡಲು:
ಅವನಿಗೆ ಮೂಡಿದನಲ್ಲ, ಅಷ್ಟು ಸಾಕು.

ಪದ್ಯಬಾರದವ:
ನನಗೆ ಪದ್ಯ ಕಟ್ಟಲು ಬರಲ್ಲ, ಪ್ರಶ್ನೆ ಕೇಳಲು ಬರುತ್ತದೆ. ಪೆಸಿಫಿಕ್ ಕಡಲಲ್ಲಿ ಸೂರ್ಯ ಹುಟ್ಟಿ ಅಟ್ಲಾಂಟಿಕ್ ಕಡೆ ಮುಳುಗುವುದನ್ನು ಒಂದು ದೇಶದಲ್ಲಿ ನೋಡಬಹುದು. ಯಾವ ದೇಶ?

ಬುಗುರಿ:
ಪನಾಮಾ! ಆ ನೆಲ ಹಾವಿನ ಹಾಗೆ ಬಳುಕಿದೆ. 1914ರಲ್ಲಿ ತೆರೆದ ಕಾಲುವೆಯ ಅಟ್ಲಾಂಟಿಕ್ ಬಾಯಿ ಪೆಸಿಫಿಕ್ ಬಾಯಿಗಿಂತ ಪಶ್ಚಿಮಕ್ಕಿದೆ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗು ಆಗ್ನೇಯಕ್ಕೆ ಸಾಗುತ್ತದೆ.

ಸೂತ್ರಧಾರ:
ಚೆನ್ನಾಗಿದೆ, ಆದರೆ ಪೂರಣಕ್ಕೆ ಆಗದು. ಅಲ್ಲಿ ಅದಲುಬದಲಾಗಿರುವುದು ಕಡಲು. ಸೂರ್ಯ ಪಾಪ ಮೂಡಣದಲ್ಲೇ ಹುಟ್ಟುತ್ತಿದ್ದಾನೆ. ‘ದಿಕ್ಕಿನಲಿ’ ಬದಲು ‘ಕಡಲಿನಲಿ’ ಅಂತ ಇಟ್ಟರೂ ಮಾತ್ರೆ ಕೆಡುವುದಿಲ್ಲ. ಹಾಗೆ ಬರೆಯುವವರು ಬೇರೆಯಾಗಿ ಬರೆಯಿರಿ.

ಲೋಹಹಕ್ಕಿ:
ಭೂಮಿಯ ಮೇಲೆಯೇ, ನಿಜವಾದ ಸೂರ್ಯ, ನಿಜವಾದ ಪಡುವಣ. ತಗೊಳ್ಳಿ.

ಓಡಿ ಮುಳುಗಿದ ರವಿಯ ಬೆನ್ನಿಗೆ
ಗೂಡು ಬಿಟ್ಟಿತು ಲೋಹಹಕ್ಕಿಯು
ದೂಡಿ ಗಾಳಿಯ, ಸದ್ದಿಗಿಂತಿಮ್ಮಡಿಯ ವೇಗದಲಿ
ಹಾಡು ಹಗಲೇ ಮರಳಿ ಬಂದಿತು
ನಾಡು ಕಾಣದ ಕಡಲ ಮೇಲ್ಗಡೆ
ಮೂಡಿದನು ನೇಸರನು ಪಡುವಣ ದಿಕ್ಕಿನಲಿ ನೋಡಾ

ಇದು ಕಾಂಕಾರ್ಡ್ ವಿಮಾನ. ಚಳಿಗಾಲದ ಸಂಜೆ ಸೂರ್ಯ ಮುಳುಗಿದ ಮೇಲೆ ಲಂಡನ್ ಬಿಟ್ಟು ನ್ಯೂಯಾರ್ಕ್ ಕಡೆ ಹಾರಿದರೆ, ಮುಳುಗಿದವನು ಪಡುವಣದಲ್ಲೇ ಮೇಲೇಳುತ್ತಿದ್ದ. ಲೆಕ್ಕ ಸರಳ. ಭೂಮಿ ತಿರುಗುವ ವೇಗ ಸಮಭಾಜಕದಲ್ಲಿ ಗಂಟೆಗೆ ಸುಮಾರು 1,670 ಕಿಲೋಮೀಟರ್. ಲಂಡನ್ನಿನಷ್ಟು ಉತ್ತರಕ್ಕೆ ಹೋದರೆ ಅದು 1,040ರ ಹತ್ತಿರ. ಮಾಮೂಲಿ ವಿಮಾನದ 900 ಅಲ್ಲಿ ಸಾಲದು. ಕಾಂಕಾರ್ಡ್ 2,100 ದಾಟುತ್ತಿತ್ತು. ಸೂರ್ಯನನ್ನು ಬೆನ್ನಟ್ಟಿ ಹಿಡಿಯುತ್ತಿತ್ತು. 1973ರ ಜೂನ್ 30ರಂದು ಅದೇ ಮಾದರಿಯ ವಿಮಾನವೊಂದು ಆಫ್ರಿಕಾದ ಮೇಲೆ ಗ್ರಹಣದ ನೆರಳನ್ನೇ ಹಿಂಬಾಲಿಸಿ 74 ನಿಮಿಷ ಪೂರ್ಣಗ್ರಹಣ ನೋಡಿತು. ನೆಲದ ಮೇಲೆ ನಿಂತವರಿಗೆ ಅದು ಏಳು ನಿಮಿಷ ಚಿಲ್ಲರೆ.

ಲಘುಗುರು:
ತಕರಾರಿಲ್ಲ. ಇದು ಅಪರೂಪ ಅಂತ ಬರೆದಿಟ್ಟುಕೊಳ್ಳಿ. ‘ಹಾಡು ಹಗಲೇ’ ಪ್ರಾಸಕ್ಕೂ ಬಂತು, ಅರ್ಥಕ್ಕೂ ಬಂತು.

ಇರುಳುಗಣ್ಣ:
ತಡವಾಗಿ ಬಂದೆ. ಶುಕ್ರ ಸಿಕ್ಕಾಗಿದೆ, ಹಾಗಾಗಿ ಬುಧನನ್ನು ಹಿಡಿದೆ.

ಓಡುವನು ಬುಧನೊಮ್ಮೆ ಸೂರ್ಯನ
ಬೀಡ ಬಳಿ ಬಂದಾಗ ಭರದಲಿ
ನೋಡಿದರೆ ಮುಳುಗಿದ್ದ ಬೆಳಕದು ಹಿಂದೆ ಸರಿಯುವುದು
ಬೇಡವೆಂದರು ಮತ್ತೆ ಕತ್ತಲ
ಗೂಡಿನೊಳಗಿಂದಿಣುಕಿ ನಗುತಲಿ
ಮೂಡಿದನು ನೇಸರನು ಪಡುವಣ ದಿಕ್ಕಿನಲಿ ನೋಡಾ

ಬುಧನ ದಾರಿ ತುಂಬಾ ಸೊಟ್ಟ. ಸೂರ್ಯನಿಂದ ಒಮ್ಮೆ 7 ಕೋಟಿ ಕಿಲೋಮೀಟರ್ ದೂರ, ಒಮ್ಮೆ 4.6 ಕೋಟಿ. ಹತ್ತಿರ ಬಂದಾಗ ಓಟ ಜೋರು. ತನ್ನ ಸುತ್ತ ತಿರುಗುವುದೋ ನಿಧಾನ, ಒಂದು ಸುತ್ತಿಗೆ 59 ದಿನ. ಆಗ ಕೆಲವು ದಿನ ಓಟವೇ ತಿರುಗಾಟವನ್ನು ಮೀರಿಸುತ್ತದೆ, ಆಕಾಶದಲ್ಲಿ ಸೂರ್ಯ ಹಿಂದಕ್ಕೆ ನಡೆಯುತ್ತಾನೆ. ಆ ಹೊತ್ತಿಗೆ ಸಂಜೆಯಾಗುತ್ತಿರುವ ಜಾಗದಲ್ಲಿ ನಿಂತರೆ ಸೂರ್ಯ ಪಡುವಣದಲ್ಲಿ ಮುಳುಗುತ್ತಾನೆ, ಅಲ್ಲೇ ಮತ್ತೆ ಏಳುತ್ತಾನೆ, ಆಮೇಲೆ ಇನ್ನೊಂದು ಸಲ ಮುಳುಗುತ್ತಾನೆ. ಚಂದ್ರ ನಮಗೆ ತೋರಿಸುವ ಹಾಗೆ ಬುಧ ಸೂರ್ಯನಿಗೆ ಒಂದೇ ಮುಖ ತೋರಿಸುತ್ತಾನೆ ಅಂತ ಬಹಳ ಕಾಲ ನಂಬಿದ್ದರು. 1965ರಲ್ಲಿ ಅರೆಸಿಬೊ ರೇಡಿಯೋ ದೂರದರ್ಶಕದ ರಾಡಾರ್ ಅದನ್ನು ಸುಳ್ಳು ಮಾಡಿತು.

ಲಘುಗುರು ಅವರಿಗೊಂದು ಕಾಣಿಕೆ. ಬುಧನಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ 176 ದಿನ, ವರ್ಷಕ್ಕೆ 88. ಹಗಲು ರಾತ್ರಿಯ ಲೆಕ್ಕದಲ್ಲೂ ದಿನವೇ ವರ್ಷದ ಎರಡರಷ್ಟು.

ಲಘುಗುರು:
ಕಾಣಿಕೆ ಸಂದಿತು. ಅಲ್ಲಿ ಗಾಳಿಯೇ ಇಲ್ಲದಷ್ಟು ತೆಳು, ಹಾಗಾಗಿ ಮೋಡದ ಕಾಟವೂ ಇಲ್ಲ. ಸೂರ್ಯ ಕಾಣುತ್ತಾನೆ.

ಸೂತ್ರಧಾರ:
ನನ್ನ ತೀರ್ಪು. ಗಂಟು ಬಿಡಿಸಿದ ಜಾಣತನಕ್ಕೆ ಬುಧ ಮೊದಲು, ವಿಮಾನ ಕೂದಲೆಳೆಯಷ್ಟು ಹಿಂದೆ. ಮುಳುಗಿದ ದಿಕ್ಕಿನಲ್ಲೇ ಮತ್ತೆ ಮೂಡುವುದು ಎರಡರಲ್ಲೂ ಇದೆ, ಆದರೆ ಬುಧನಲ್ಲಿ ನೋಡುವವನು ಕೂತ ಜಾಗ ಬಿಟ್ಟು ಏಳಬೇಕಿಲ್ಲ. ಪದ್ಯವಾಗಿ ನನಗೆ ಹಿಡಿಸಿದ್ದು ಕನಕನದು. ಲಘುಗುರು ರೂಪಕ ಅಂತ ಗೊಣಗಲಿ, ನನಗೇನೂ ಬೇಜಾರಿಲ್ಲ.

ಮುಂದಿನ ಸಮಸ್ಯೆ, ಮತ್ತೆ ಭಾಮಿನಿ:

ಗಂಡೆ ಹೆತ್ತಿತು ಮರಿಯ ಹಿಂಡನು ಹೆಣ್ಣು ನೋಡುತಿರೆ

ಕಡಲಕುದುರೆ ಅಂತ ಈಗಲೇ ನಾಲ್ಕು ಜನ ಟೈಪ್ ಮಾಡುತ್ತಿರುತ್ತೀರಿ, ಗೊತ್ತು. ಅದಕ್ಕೆ ಅರ್ಧ ಅಂಕ. ಪುರಾಣದಲ್ಲಿ ಮಾಂಧಾತನನ್ನು ಹೆತ್ತ ರಾಜ ಯುವನಾಶ್ವನಿಗೂ ಅರ್ಧವೇ. ಪೂರ್ತಿ ಅಂಕ ಮೂರನೆಯ ದಾರಿ ಹುಡುಕಿದವರಿಗೆ.