ಖಳನ ಪೂರ್ವಕಥೆ: ‘ಅಯ್ಯೋ ಪಾಪ’ ಅನ್ನಿಸಿದರೆ ಸಾಕೇ?

ಪ್ರಶ್ನೆ: ಮೂಲ ಕಾದಂಬರಿಯಲ್ಲಿ ಖಳನಾದ ದಂಡನಾಯಕ ಒಂದು ಊರನ್ನೇ ಸುಡುತ್ತಾನೆ. ಈಗ ಅವನ ಪೂರ್ವಕಥೆ, 30 ಅಧ್ಯಾಯ. ಬಾಲ್ಯದ ನೋವಿದೆ, ಹೆಂಡತಿಯ ಸಾವಿದೆ. ಓದಿದವರು ‘ಪಾಪ’ ಅಂತಾರೆ, ಆದರೆ ಇವನು ಊರು ಸುಡುತ್ತಾನೆ ಅಂದರೆ ನಂಬಲ್ಲ. ಎಲ್ಲಿ ಎಡವಿದೆ?

— ನೀವು ಹೇಳಿದ್ದೆಲ್ಲ ಅವನಿಗೆ ಆದದ್ದು. ಅವನು ಮಾಡಿದ್ದೇನು? ಕೊನೆಯಿಂದ ಹಿಂದಕ್ಕೆ ಬನ್ನಿ. ಜನರಿರುವ ಊರಿಗೆ ಬೆಂಕಿಯಿಡುವವನು ಮೊದಲು ಖಾಲಿ ಮನೆ ಸುಟ್ಟಿರುತ್ತಾನೆ, ಅದಕ್ಕೂ ಮೊದಲು ಕಣಜ, ಅದಕ್ಕೂ ಮೊದಲು ಶತ್ರುವಿಗೆ ಸಿಗದಿರಲೆಂದು ತನ್ನದೇ ಪಡೆಯ ಮೇವು. ಇಂಥ 4–5 ಮೆಟ್ಟಿಲು ಸಾಕು. ಪ್ರತಿಯೊಂದರಲ್ಲೂ ಆ ಹೊತ್ತಿಗೆ ಸರಿಯೆನಿಸುವ ಕಾರಣ, ಕಣ್ಣೆದುರೇ ಇದ್ದ ಇನ್ನೊಂದು ದಾರಿ, ಮತ್ತೆ ತುಂಬಿಕೊಳ್ಳಲಾಗದ ಒಂದು ನಷ್ಟ ಇರಲಿ. ಇನ್ನೊಂದು ದಾರಿಯೇ ಇಲ್ಲದಿದ್ದರೆ ಅದು ಅಪಘಾತ, ದುರಂತವಲ್ಲ.

— ಇದಕ್ಕೆ ಸೇರಿಸುವುದಾದರೆ, ಅವನ ಒಳ್ಳೆಯ ಗುಣವೇ ಅವನಿಗೆ ಮುಳುವಾಗಬೇಕು. ಪಂಪರಾಮಾಯಣ ಬರೆದ ಜೈನ ಕವಿ ನಾಗಚಂದ್ರನ ರಾವಣನನ್ನು ನೋಡಿ. ಸೀತೆಯ ಸ್ಥಿತಿ ಕಂಡು ಮನಸ್ಸು ಕರಗಿ, ಒಪ್ಪಿಸಿಬಿಡುತ್ತೇನೆ ಎನ್ನುತ್ತಾನೆ. ಆದರೆ ಈಗಲೇ ಕೊಟ್ಟರೆ ಹೆದರಿದಂತೆ, ಯುದ್ಧ ಗೆದ್ದು ಕೊಡುತ್ತೇನೆ! ಒಳ್ಳೆಯ ನಿರ್ಧಾರಕ್ಕೆ ಅಂಟಿದ ಆ ಷರತ್ತೇ ಅವನನ್ನು ತಿನ್ನುತ್ತದೆ. ನಿಮ್ಮವನಿಗೆ ‘ನನ್ನವರಲ್ಲಿ ಒಬ್ಬನನ್ನೂ ಬಿಟ್ಟುಕೊಡೆ’ ಎಂಬ ಹಟ ಕೊಡಿ. 2ನೇ ಅಧ್ಯಾಯದಲ್ಲಿ ಅದು ಒಬ್ಬ ಸೈನಿಕನನ್ನು ಉಳಿಸಲಿ, 26ರಲ್ಲಿ ಅದೇ ಹಟ ಊರು ಸುಡಲಿ.

— ಹೆಂಡತಿಯನ್ನು ಬದುಕಿಸಿ. ಸತ್ತವಳು ಅವನಿಗೆ ನೆಪ, ಬದುಕಿರುವವಳು ಸಾಕ್ಷಿ. ಸುಡುವ ಆದೇಶವನ್ನೂ ಸಿಟ್ಟಿನ ಭರದಲ್ಲಿ ಕೊಡಿಸಬೇಡಿ, ಸಿಟ್ಟಿಗೆ ಓದುಗರು ಬೇಗ ರಿಯಾಯಿತಿ ಕೊಟ್ಟುಬಿಡುತ್ತಾರೆ. ರಾತ್ರಿ ನಿದ್ದೆ ಮಾಡಿ ಎದ್ದು, ತಣ್ಣಗೆ ಹೇಳಲಿ. ಆ ಊರಿನ ಇಬ್ಬರಾದರೂ ನಮಗೆ ಹೆಸರು ಹಿಡಿದು ಗೊತ್ತಿರಬೇಕು. ಇಲ್ಲದಿದ್ದರೆ ಮರುಕವೆಲ್ಲ ಬೆಂಕಿಯಿಟ್ಟವನ ಪಾಲಾಗುತ್ತದೆ.

— ಪೂರ್ವಕಥೆಯ ತೊಡಕು ಬೇರೆಯೇ. ಅಂತ್ಯ ಎಲ್ಲರಿಗೂ ಗೊತ್ತು, ಹಾಗಾಗಿ ‘ಮುಂದೇನು’ ಎಂಬ ಕುತೂಹಲ ಓಡಲ್ಲ. ‘ಇಲ್ಲಾದರೂ ತಿರುಗಬಾರದಿತ್ತೇ’ ಎಂಬ ಸಂಕಟ ಓಡುತ್ತದೆ. ಮೂಲದಲ್ಲಿರುವ ಪ್ರತಿ ಗಾಯಕ್ಕೂ ಉಂಗುರಕ್ಕೂ ಹುಟ್ಟಿನ ಕಥೆ ಕಟ್ಟುವ ಚಪಲ ಬೇಡ, ಒಂದೆರಡು ಸಾಕು. ಮೂಲದಲ್ಲಿ ಅವನು ತನ್ನ ಬಗ್ಗೆ ಆಡಿದ ಮಾತುಗಳನ್ನೆಲ್ಲ ಪಟ್ಟಿ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಅಲ್ಲೇ ಸಿಕ್ಕಿಬಿದ್ದೆ. ಹೆಂಡತಿ ಸತ್ತಳು ಅಂತ ಮೂಲದಲ್ಲಿ ಅವನೇ ಹೇಳಿಬಿಟ್ಟಿದ್ದಾನೆ. ಬದುಕಿಸೋದು ಹೇಗೆ?

— ಅವನು ಹೇಳಿದ್ದು ತಾನೇ, ನಿರೂಪಕ ಹೇಳಿಲ್ಲವಲ್ಲ? ಹಾಗಾದರೆ ಅವಳು ಅವನನ್ನು ಬಿಟ್ಟು ಹೋಗಲಿ, ‘ಸತ್ತಳು’ ಎಂಬುದು ಅವನು ಹೇಳಿಕೊಂಡ ಸುಳ್ಳಾಗಲಿ.